ನನ್ನ ಮೇಳ, ಅಳಿಯನ ನವಮೇಳ

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆಯನ್ನು ಯಾರು ಕಟ್ಟಿದರೋ ಗೊತ್ತಿಲ್ಲ, ನನ್ನನ್ನು ನೋಡದೆ ಕಟ್ಟಿರಲಿಕ್ಕಿಲ್ಲ. ಬೇರೆಯವರಿಗೆ ಜೀವಮಾನದಲ್ಲಿ ಒಮ್ಮೆ ಆಗುವಂಥದ್ದು ನನಗೆ ಆಗಾಗ ಆಗುತ್ತಲೇ ಇರುತ್ತದೆ. ಉದಾರವಾಗಿ ಏನನ್ನೋ ಕೊಡುತ್ತೇನೆ, ತೆಗೆದುಕೊಂಡವನು ಉದ್ಧಾರವಾಗುತ್ತಾನೆ, ಆಮೇಲೆ ನನಗೆ ಊಟ ರುಚಿಸುವುದಿಲ್ಲ. ಇದಕ್ಕೆ ಹೊಟ್ಟೆಕಿಚ್ಚು ಎನ್ನುತ್ತಾರೆ ಎಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಹೌದು, ಹೊಟ್ಟೆಕಿಚ್ಚೇ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಬಲ್ಮಠದಲ್ಲಿ ಒಂದು ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ಕಂಪ್ಯೂಟರ್ ಸೆಂಟರ್ ಇಟ್ಟಿದ್ದೆ. ಸೆಂಟರ್ ಎಂದರೆ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಎರಡು ಕುರ್ಚಿ. ನಮ್ಮದು ತುಳು ಮನೆ. ಕೆಳಗೆ ಬರುವ ಮಾತುಗಳಲ್ಲಿ ಮುಕ್ಕಾಲು ಪಾಲು ತುಳುವಿನಲ್ಲಿ ಆದವು. ಬೈಗುಳಗಳನ್ನು ಬಿಟ್ಟು ಉಳಿದದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದೇನೆ.

ಒಳಗೆ ಚೆಂಡೆ

ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ನನ್ನ ಗೆಳೆಯರೊಬ್ಬರು ಜಾತಕ ಹೊಂದಿಸುವ ಪ್ರೋಗ್ರಾಮೊಂದನ್ನು ಬರೆದಿದ್ದರು. ಹುಡುಗ ಹುಡುಗಿಯ ಜನ್ಮ ವಿವರ ಕೊಟ್ಟರೆ ಎಷ್ಟು ಗುಣ ಕೂಡಿತು ಎಂದು ಅದು ಹೇಳುತ್ತಿತ್ತು. ಒಂದು ದಿನ ಅದರ ಫ್ಲಾಪಿಯನ್ನು ನನ್ನ ಕೈಗಿಟ್ಟು, "ತೆಗೊಳ್ಳಿ. ಯಾರು ಕೇಳಿದ್ರೂ ಕೊಡಿ. ತಿದ್ದಬೇಕಾದ್ರೆ ತಿದ್ದಿ, ತಿದ್ದಿದ ಮೇಲೆ ನಿಮ್ಮದೇ ಒಂದು ಹೆಸರು ಇಡಿ. ಮೊದಲ ಸಾಲಿನಲ್ಲಿ ಬರೆದವನ ಹೆಸರು ಮಾತ್ರ ಇರ್ಲಿ, ಮತ್ತೆಂತ ಬೇಡ" ಎಂದರು. ಪ್ರೋಗ್ರಾಮಿನ ತಲೆಯ ಮೇಲೆ ಅಂಥ ಒಂದು ಸಾಲು ಬರೆಯಲು ಬರುತ್ತದೆ. ಕಂಪ್ಯೂಟರು ಅದನ್ನು ಓದುವುದಿಲ್ಲ, ಮನುಷ್ಯರು ಮಾತ್ರ ಓದುತ್ತಾರೆ.

ಜಾತಕದ ಮೇಳಾಮೇಳಿ ನೋಡುವ ಯಂತ್ರವಲ್ಲವೇ, ನಾನು ಅದಕ್ಕೆ 'ಮೇಳ' ಎಂದು ಹೆಸರಿಟ್ಟೆ. ಬೀದಿಗೆ ಕಾಣುವಂತೆ ಬೋರ್ಡು ಬರೆಸಿದೆ. ನಮ್ಮ ಊರಿನಲ್ಲಿ ಮೇಳ ಎಂದರೆ ಯಕ್ಷಗಾನದ ಮೇಳ ಎಂಬುದು ಹೆಸರಿಡುವಾಗ ಹೊಳೆಯಲೇ ಇಲ್ಲ.

ಮೊದಲ ಗಿರಾಕಿ ಬಂದದ್ದು ಮೂರನೆಯ ದಿನ. ಬಿಳಿ ಪಂಚೆ, ಕಂಕುಳಲ್ಲಿ ಕೊಡೆ. ಮೆಟ್ಟಿಲು ಹತ್ತಿ ಬಂದವರು ಕುಳಿತು ಬೆವರು ಒರೆಸಿಕೊಂಡು, "ನಮ್ಮದೊಂದು ಹರಕೆಯ ಆಟ ಉಂಟು. ಬರುವ ತಿಂಗಳು ನಿಮ್ಮ ಮೇಳ ಸಿಗ್ಬಹುದಾ?" ಎಂದರು.

"ಇದು ಆ ಮೇಳ ಅಲ್ಲ, ಕಂಪ್ಯೂಟರು" ಎಂದೆ.

ಅವರು ನನ್ನ ಮುಖ ನೋಡಿದರು. ಒಳಗೆ ಪ್ರಿಂಟರು ಕಟಕಟ ಕರಕರ ಎಂದು ಯಾವುದೋ ಪಟ್ಟಿ ಹೊಡೆಯುತ್ತಿತ್ತು. "ಆಟ ಕೊಡ್ಲಿಕ್ಕೆ ಮನಸ್ಸಿಲ್ಲದಿದ್ರೆ ಇಲ್ಲ ಅಂತ ಹೇಳಿ ಮಾರಾಯ್ರೆ" ಎಂದು ಎದ್ದರು. "ಒಳಗೆ ಚೆಂಡೆ ಕಲಿಯುವುದು ನನಗೆ ಕೇಳ್ತಾ ಉಂಟು."

ಬಾಳೆಗೊನೆಯ ಹಿಂದೆ

ನನ್ನ ಅಕ್ಕನ ಮಗ ಬಿ.ಎಸ್ಸಿ. ಮುಗಿಸಿ, ಒಂದು ಕಡೆ ಕೆಲಸ ಮಾಡಿ ಬಿಟ್ಟು, ಕಂಪ್ಯೂಟರ್ ಕಲಿಯುತ್ತೇನೆಂದು ನನ್ನಲ್ಲಿಗೆ ಬರುತ್ತಿದ್ದ. ಮಿತಭಾಷಿ. ಬುದ್ಧಿವಂತ ಎಂದು ಎಲ್ಲರೂ ಹೇಳುತ್ತಿದ್ದರು. ಅದನ್ನು ನನ್ನ ಎದುರಿಗೇ ಯಾಕೆ ಹೇಳುತ್ತಿದ್ದರೋ. ಒಂದು ದಿನ ಅವನು, "ಮಾವ, ಮೇಳದ್ದು ಒಂದು ಪ್ರತಿ ತೆಗೊಳ್ಲಾ?" ಎಂದು ಕೇಳಿದ.

ನಾನು ದೊಡ್ಡ ಮನುಷ್ಯನಂತೆ, "ತೆಗೋ. ಅದು ಎಲ್ಲರದ್ದು. ಮೊದಲ ಸಾಲಿನಲ್ಲಿ ಬರೆದವನ ಹೆಸರು ಇಡಬೇಕು, ಅಷ್ಟೇ" ಎಂದೆ.

ಎರಡು ತಿಂಗಳಲ್ಲಿ ಅವನು ಉರ್ವದ ಮಾರ್ಕೆಟಿನ ಎದುರು ಸ್ವಂತ ಸೆಂಟರ್ ತೆರೆದ. ಬೋರ್ಡಿನ ಮೇಲೆ 'ನವಮೇಳ' ಎಂದಿತ್ತು. ನನ್ನಲ್ಲಿಗೆ ಬರುತ್ತಿದ್ದವರು ಒಬ್ಬೊಬ್ಬರಾಗಿ ಕಾಣೆಯಾದರು. ನಾನು ಸಿಟಿ ಬಸ್ಸು ಹತ್ತಿ ಉರ್ವಕ್ಕೆ ಹೋಗಿ, ಹಣ್ಣಿನ ಅಂಗಡಿಯಲ್ಲಿ ತೂಗುಹಾಕಿದ್ದ ಬಾಳೆಗೊನೆಯ ಹಿಂದೆ ನಿಂತು ನೋಡತೊಡಗಿದೆ. ಆಗ ಕಂಪ್ಯೂಟರ್ ಇರುವ ಕೋಣೆಗೆ ಯಾರೂ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ, ಧೂಳು ದೇವರಿಗೂ ಕಂಪ್ಯೂಟರಿಗೂ ಆಗುವುದಿಲ್ಲ ಎಂಬ ನಂಬಿಕೆ. ಹಾಗಾಗಿ ಬಾಗಿಲ ಹೊರಗಿನ ಚಪ್ಪಲಿ ನೋಡಿದರೆ ಸಾಕು, ಒಳಗೆ ಎಷ್ಟು ಜನ ಎಂದು ತಿಳಿಯುತ್ತಿತ್ತು. ನನ್ನ ಬಾಗಿಲಲ್ಲಿ ಇರುತ್ತಿದ್ದದ್ದು ನನ್ನ ಒಂದು ಜೊತೆ. ಅವನ ಬಾಗಿಲಲ್ಲಿ ಆ ದಿನ ಹನ್ನೊಂದು ಜೊತೆ. ತಪ್ಪಿರಬಹುದು ಎಂದು ಇನ್ನೊಮ್ಮೆ ಎಣಿಸಿದೆ.

ಎದುರಿಗೆ ಬುಟ್ಟಿ ಇಟ್ಟು ಕೂತಿದ್ದ ಮೀನು ಮಾರುವ ಹೆಂಗಸು ನನ್ನನ್ನು ಬಹಳ ಹೊತ್ತಿನಿಂದ ಗಮನಿಸುತ್ತಿದ್ದಳು. "ಎಂತ ಧಣಿಗಳೇ, ಮೀನು ನೋಡುವುದಿಲ್ಲ, ಬಾಳೆಹಣ್ಣೂ ನೋಡುವುದಿಲ್ಲ, ಬರೀ ಚಪ್ಪಲಿ ನೋಡ್ತೀರಿ?" ಎಂದಳು. ದನಿ ತಗ್ಗಿಸಿ ಮಾತನಾಡುವ ಅಭ್ಯಾಸ ಅವಳಿಗೆ ಇರಲಿಲ್ಲ. ಅಳಿಯ ಹೊರಗೆ ಬಂದ. ನನ್ನನ್ನು ಕಂಡು ಓಡಿ ಬಂದು, "ಮಾವ, ಬಿಸಿಲಿಗೆ ಯಾಕೆ ನಿಂತದ್ದು? ಬನ್ನಿ, ಬನ್ನಿ" ಎಂದು ಕೈ ಹಿಡಿದು ಕರೆದುಕೊಂಡು ಹೋದ. ಚಾ ತರಿಸಿದ, ಗೋಳಿಬಜೆ ತರಿಸಿದ. ಒಳ್ಳೆಯ ಗೋಳಿಬಜೆ, ಅದನ್ನೂ ನನಗೆ ಸಹಿಸಲಾಗಲಿಲ್ಲ.

ವಾರದೊಳಗೆ ಬಲ್ಮಠದ ತನಕ ಸುದ್ದಿ ಬಂತು. ಆ ಹೆಂಗಸು ಮಾರ್ಕೆಟಿಗೆ ಬಂದವರಿಗೆಲ್ಲ ಹೇಳುತ್ತಿದ್ದಳಂತೆ: "ಕಣ್ಣು ಮುಚ್ಚಿಕೊಂಡು ಹೋಗಿ ಅಲ್ಲಿಗೆ. ಬಲ್ಮಠದಲ್ಲಿ ಸ್ವಂತ ಕಂಪ್ಯೂಟರ್ ಉಂಟಲ್ಲ, ಆ ಮಾವನೂ ಜಾತಕ ನೋಡಿಸ್ಲಿಕ್ಕೆ ಇಲ್ಲಿಗೇ ಬರುವುದು."

ಕಂಪ್ಯೂಟರಿನ ತಾಯಿ

ಎರಡೂ ಒಂದೇ ಪ್ರೋಗ್ರಾಮು. ಹಾಗಿದ್ದರೂ ಜನ ಅಲ್ಲಿಗೇ ಯಾಕೆ ಹೋಗುತ್ತಾರೆ ಎಂದು ನನಗೆ ತಿಳಿದದ್ದು ಬೋಳಾರದ ಒಬ್ಬರು ಅಜ್ಜಿಯಿಂದ.

ಅವರ ಮೊಮ್ಮಗಳಿಗೆ ಒಂದು ಸಂಬಂಧ ಬಂದಿತ್ತು. ನನ್ನಲ್ಲಿ ನೋಡಿಸಿದರು. ಮೂವತ್ತಾರರಲ್ಲಿ ಮೂವತ್ತೊಂದು ಗುಣ ಕೂಡಿತು. ಇಷ್ಟು ಒಳ್ಳೆಯ ಜೋಡಿ ನನ್ನ ಕಂಪ್ಯೂಟರು ಅದುವರೆಗೆ ಕಂಡಿರಲಿಲ್ಲ. ನಾನು ಕಾಗದಕ್ಕೆ ಅರಸಿನ ಹಚ್ಚಿ ಕೊಟ್ಟೆ.

ನಾಲ್ಕು ದಿನ ಬಿಟ್ಟು ಅಜ್ಜಿ ಒಬ್ಬರೇ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಅದೇ ಕಾಗದ. ಉರ್ವದಲ್ಲೂ ಒಮ್ಮೆ ನೋಡಿಸಿದ್ದರಂತೆ, ಅಲ್ಲಿ ಮದುವೆ ಸಲ್ಲದು ಎಂದು ಬಂದಿತ್ತಂತೆ. ಬ್ರಾಹ್ಮಣರಿಗೆ ಗೋತ್ರ ಇರುವ ಹಾಗೆ ನಮಗೆ ಬರಿ ಎಂದುಂಟು. ಗೋತ್ರ ಅಪ್ಪನಿಂದ ಬರುತ್ತದೆ, ಬರಿ ತಾಯಿಯಿಂದ ಬರುತ್ತದೆ. ಒಂದೇ ಬರಿಯವರು ಅಣ್ಣ ತಂಗಿಯರ ಹಾಗೆ, ಮದುವೆ ಆಗುವಂತಿಲ್ಲ. ಪ್ರೋಗ್ರಾಮು ಬರೆದ ಗೆಳೆಯರು ಗೋತ್ರದವರು. ಅದು ಕೇಳುತ್ತಿದ್ದದ್ದು ಅಪ್ಪನ ಕಡೆಯದ್ದನ್ನು. ಈ ಹುಡುಗ ಹುಡುಗಿಯ ಅಪ್ಪಂದಿರ ಬರಿ ಬೇರೆ ಬೇರೆ, ತಾಯಂದಿರದ್ದು ಒಂದೇ. ಹುಟ್ಟಿದಂದಿನಿಂದ ನಾನೂ ಬರಿಯವನೇ. ಆದರೂ ಕಂಪ್ಯೂಟರು ಕೇಳಿದ್ದನ್ನೇ ನಾನೂ ಕೇಳುತ್ತ ಕೂತಿದ್ದೆ.

ಅಳಿಯ ಆ ಒಂದು ಸಾಲನ್ನು ಮೊದಲ ದಿನವೇ ತಿದ್ದಿದ್ದ. ಅಪ್ಪ ಇದ್ದಲ್ಲಿ ಅಮ್ಮ ಎಂದು ಹಾಕಿದ್ದ. ಅವನು ಮಾಡಿದ ಬದಲಾವಣೆ ಇಷ್ಟೇ. ಗಿರಾಕಿ ಹೋದದ್ದಕ್ಕಿಂತ ಇದು ನನಗೆ ಹೆಚ್ಚು ಉರಿಯಿತು. ಇಷ್ಟು ಸಣ್ಣ ಸಂಗತಿ, ಅವನಿಗೆ ಹೊಳೆದದ್ದು ನನಗೆ ಯಾಕೆ ಹೊಳೆಯಲಿಲ್ಲ?

ಅಜ್ಜಿ ಬೈಯಲಿಲ್ಲ. ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟರು. ಕಂಪ್ಯೂಟರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಮೆಲ್ಲಗೆ ಕೇಳಿದರು: "ಮಗಾ, ಪಾಪ ಇದಕ್ಕೆ ತಾಯಿ ಇಲ್ವಾ?"

ತಲೆಬರಹ

ಆ ಸಾಲು ಪ್ರೋಗ್ರಾಮಿನಲ್ಲಿ ಎಲ್ಲಿದೆ ಎಂದು ಹುಡುಕಿದೆ, ನನಗೆ ಸಿಗಲಿಲ್ಲ. ಕೇಳಿದರೆ ಮರ್ಯಾದೆ ಹೋಗುತ್ತದೆ, ಕೇಳದಿದ್ದರೆ ಸೆಂಟರ್ ಹೋಗುತ್ತದೆ. ಕೊನೆಗೆ ಅಕ್ಕನ ಹತ್ತಿರ, "ಅವನು ತಿದ್ದಿದ್ದು ಒಮ್ಮೆ ನೋಡ್ಬೇಕಿತ್ತು" ಎಂದೆ. ಅಕ್ಕ ಮರುದಿನವೇ ಫ್ಲಾಪಿ ತಂದು ಕೊಟ್ಟಳು. ಜೊತೆಗೆ ಅಳಿಯನ ಮಾತನ್ನೂ ತಂದಿದ್ದಳು: "ಮಾವನಿಗೆ ಕೇಳ್ಲಿಕ್ಕೆ ಸಂಕೋಚ ಯಾಕೆ? ಎಲ್ಲರದ್ದು ಅಂತ ಅವರೇ ಹೇಳಿದ್ದಲ್ವಾ?"

ಅವನು ಇಲ್ಲ ಎಂದಿದ್ದರೆ ನನಗೆ ಸುಖವಾಗುತ್ತಿತ್ತು. ಕೊಟ್ಟದ್ದೇ ಕಷ್ಟವಾಯಿತು.

ಫ್ಲಾಪಿಯಲ್ಲಿದ್ದದ್ದನ್ನು ಇದ್ದ ಹಾಗೆಯೇ ನನ್ನ ಕಂಪ್ಯೂಟರಿಗೆ ಇಳಿಸಿಕೊಂಡು ಕೆಲಸ ಸುರು ಮಾಡಿದೆ. ಇಡೀ ವಾರ ಒಂದೂ ತಪ್ಪು ಬರಲಿಲ್ಲ. ಗಿರಾಕಿಗಳೂ ಮೆಲ್ಲನೆ ತಿರುಗಿ ಬರತೊಡಗಿದರು. ನಾನು ಎದೆಯುಬ್ಬಿಸಿ ಕಾಗದ ಹರಿದು ಹರಿದು ಕೊಟ್ಟೆ.

ಶನಿವಾರ ಬಂದ ಗಿರಾಕಿಯೊಬ್ಬರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಗ ಪ್ರಿಂಟರಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ, ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಿತ್ತು. ಅವರು ಒಂದೊಂದೇ ಅಕ್ಷರ ಕೂಡಿಸಿ ತಲೆಬರಹ ಓದಿದರು: "ನ-ವ-ಮೇ-ಳ, ಉ-ರ್-ವ." ಆಮೇಲೆ ನನ್ನನ್ನು ನೋಡಿ, "ಇದು ಎಂತ ಮಾರಾಯ್ರೆ? ನನ್ನ ಮನೆ ಉರ್ವದಲ್ಲೇ ಉಂಟು. ನಾನು ಎರಡು ಬಸ್ಸು ಹಿಡಿದು ಇಲ್ಲಿಗೆ ಬಂದದ್ದು ಯಾಕೆ ಹಾಗಾದ್ರೆ?" ಎಂದರು.

ವಕೀಲರ ಪ್ರಸಂಗ

ಇನ್ನು ಸುಮ್ಮನಿರಬಾರದು ಎಂದು ವಕೀಲರ ಹತ್ತಿರ ಹೋದೆ. ಅವರು ಹಗಲು ಕೋರ್ಟಿನಲ್ಲಿ, ರಜೆಯಲ್ಲಿ ತಾಳಮದ್ದಳೆಯಲ್ಲಿ, ಎರಡೂ ಕಡೆ ಮಾತಿನಲ್ಲೇ ಗೆಲ್ಲುವವರು. ನನಗೆ ಬೇಕಾದದ್ದು ಒಂದೇ, ಅಳಿಯನ ಬೋರ್ಡಿನಿಂದ ನನ್ನ 'ಮೇಳ' ಇಳಿಯಬೇಕು.

ವಕೀಲರು ಎಲ್ಲ ಕೇಳಿ ಹೇಳಿದರು: "ನೋಡಿ, ಯಕ್ಷಗಾನದಲ್ಲಿ ಇದು ಹೊಸತಲ್ಲ. ಪ್ರಸಂಗ ಯಾರು ಬೇಕಾದ್ರೂ ಆಡಬಹುದು, ಪದ್ಯ ಯಾರು ಬೇಕಾದ್ರೂ ಹೇಳಬಹುದು. ಆದ್ರೆ ಮೇಳದ ಹೆಸರು ಯಜಮಾನರದ್ದು. ಮೇಳ ಒಡೆದು ಹೊರಗೆ ಹೋದವನು ಪ್ರಸಂಗ ತೆಗೊಂಡು ಹೋಗ್ಬಹುದು, ಹೆಸರು ಬಿಟ್ಟು ಹೋಗ್ಬೇಕು."

ನನಗೆ ಆನಂದವಾಯಿತು. "ಹಾಗಾದ್ರೆ ಗೆದ್ದೆವಲ್ಲ?"

"ಹೇಗೆ ಗೆಲ್ಲುವುದು? ನೀವು ಮೇಳಕ್ಕೆ ಮೇಳ ಅಂತಲೇ ಹೆಸರಿಟ್ಟಿದ್ದೀರಿ. ಹೋಟೆಲಿಗೆ ಹೋಟೆಲ್ ಅಂತ ಹೆಸರಿಟ್ಟು, ಬೇರೆ ಯಾರೂ ಹೋಟೆಲ್ ಅಂತ ಬರೆಯಬಾರದು ಅಂದ ಹಾಗೆ. ಇರ್ಲಿ, ಒಂದು ನೋಟೀಸು ಕೊಟ್ಟು ನೋಡುವ. ಈಗ ಕಂಪ್ಯೂಟರ್ ಬರವಣಿಗೆಗೂ ಕಾಪಿರೈಟ್ ಉಂಟು. ಎರಡೂ ಪ್ರೋಗ್ರಾಮಿನ ಕಾಗದ ಉಂಟಾ?"

ಇತ್ತು. ಎರಡನ್ನೂ ಅಚ್ಚು ಮಾಡಿ ತಂದಿದ್ದೆ, ಆದರೆ ನಾನೇ ಓದಿರಲಿಲ್ಲ. ವಕೀಲರು ಕನ್ನಡಕ ಏರಿಸಿದರು. ಒಳಗಿನದ್ದು ಅವರಿಗೆ ಅರ್ಥವಾಗುವಂತಿರಲಿಲ್ಲ, ಮೊದಲ ಸಾಲು ಮಾತ್ರ ಓದಿದರು. ಅಳಿಯನ ಪ್ರತಿಯ ಮೊದಲ ಸಾಲಿನಲ್ಲಿ, 'ಇದನ್ನು ಬರೆದವರು ನನ್ನ ಮಾವ' ಎಂದು ನನ್ನ ಪೂರ್ತಿ ಹೆಸರಿತ್ತು. ನನ್ನ ಪ್ರತಿಯ ಮೊದಲ ಸಾಲಿನಲ್ಲೂ ನನ್ನದೇ ಹೆಸರಿತ್ತು. ಕಾಲೇಜಿನ ಗೆಳೆಯರ ಹೆಸರನ್ನು ನಾನು ತೆಗೆದು ಹಾಕಿ ಬಹಳ ಕಾಲವಾಗಿತ್ತು. ಬೋರ್ಡು ನನ್ನದಾದ ಮೇಲೆ ಒಳಗೆ ಇನ್ನೊಬ್ಬರ ಹೆಸರು ಯಾಕೆ ಎಂದು ಆಗ ಅನಿಸಿತ್ತು.

"ಇದು ಪೂರ್ತಿ ನೀವೇ ಬರೆದದ್ದಾ?" ವಕೀಲರು ಕೇಳಿದರು.

ಸುಳ್ಳು ಹೇಳಲಾಗಲಿಲ್ಲ. ಇದ್ದದ್ದನ್ನು ಹೇಳಿದೆ.

ವಕೀಲರು ಕಾಗದ ಕೆಳಗಿಟ್ಟರು. "ಒಂದು ಕೆಲಸ ಮಾಡುವ," ಎಂದರು. "ನೋಟೀಸು ನಾನು ಬರೀತೇನೆ. ಕಳ್ಳ ಯಾರು ಅಂತ ಬರೆಯುವ ಜಾಗ ಮಾತ್ರ ಖಾಲಿ ಬಿಡ್ತೇನೆ."

ನೋಟೀಸಿಗೆ ಉತ್ತರ

ಆದರೂ ಹಟ ಬಿಡಲಿಲ್ಲ. ಕಾಪಿರೈಟ್ ಬಿಟ್ಟು ಹೆಸರಿನ ಬಗ್ಗೆ ಮಾತ್ರ ನೋಟೀಸು ಹೋಯಿತು: ನವಮೇಳದಲ್ಲಿ ಮೇಳ ತೆಗೆಯತಕ್ಕದ್ದು, ನವ ಇಟ್ಟುಕೊಳ್ಳಲು ನಮ್ಮ ಆಕ್ಷೇಪ ಇಲ್ಲ.

ಹದಿನೈದು ದಿನಕ್ಕೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಉತ್ತರ ಬಂತು. ನಮ್ಮ ಕಡೆ ಹಿಂದೆ ಅಳಿಯಸಂತಾನದ ಕಟ್ಟು ಇತ್ತು, ಮಾವನ ಸೊತ್ತು ಮಗನಿಗಲ್ಲ, ಅಕ್ಕ ತಂಗಿಯರ ಮಕ್ಕಳಿಗೆ. ಅಳಿಯನ ವಕೀಲರು ಅದನ್ನೇ ಹಿಡಿದಿದ್ದರು. "ನಮ್ಮ ಕಕ್ಷಿದಾರರು ಹೆಸರನ್ನು ನಕಲು ಮಾಡಿದವರಲ್ಲ, ಅದರ ವಾರಸುದಾರರು. ಮಾವನದ್ದು ಅಳಿಯನಿಗೆ ಬರುವುದು ಊರ ರೂಢಿ. ನೋಟೀಸು ಕೊಟ್ಟವರು ಇನ್ನೂ ಜೀವಂತ ಇರುವುದು ಈ ವ್ಯವಹಾರದಲ್ಲಿ ಆಗಿರುವ ಒಂದು ವಿಳಂಬ ಮಾತ್ರ."

ನನ್ನ ವಕೀಲರು ಇದನ್ನು ಎರಡು ಸಲ ಓದಿದರು. ಎರಡನೆಯ ಸಲ ಓದಿದ್ದು ಸಂತೋಷಕ್ಕೆ.

ನಾನು ಉರಿದುಕೊಂಡು ಬೋಳಾರಕ್ಕೆ ಹೋದೆ. ಅಲ್ಲಿ ನನ್ನ ಸ್ವಂತ ಸೋದರಮಾವ ಇದ್ದರು. ಎಂಬತ್ತು ದಾಟಿದವರು, ನಾವೆಲ್ಲ ದೊಡ್ಡಮಾವ ಎಂದು ಕರೆಯುವುದು. ಕುಟುಂಬದಲ್ಲಿ ಅವರ ಮಾತೇ ಮಾತು. ಉತ್ತರ ಓದಿ ಹೇಳಿದೆ. "ಆ ಕಾನೂನು ಹೋಗಿ ಎಷ್ಟೋ ವರ್ಷ ಆಯ್ತಲ್ಲ ಮಾವ?" ಎಂದೆ.

"ಕಾನೂನು ಹೋಗಿರಬಹುದು, ನಾನು ಹೋಗ್ಲಿಲ್ಲವಲ್ಲ" ಎಂದರು ದೊಡ್ಡಮಾವ. ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಸ್ವಲ್ಪ ಯೋಚಿಸಿದರು. "ಅವನು ಮಾಡಿದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ ಮಗಾ. ನನ್ನ ಸೊತ್ತು ಯಾವಾಗ ಬರ್ತದೆ ಅಂತ ನೀನು ಮೂವತ್ತು ವರ್ಷದಿಂದ ಕಾಯ್ತಾ ಇದ್ದಿ. ಅವನಿಗೆ ಅಷ್ಟು ತಾಳ್ಮೆ ಇಲ್ಲ, ಅಷ್ಟೇ ವ್ಯತ್ಯಾಸ."

ಅಳಿಯನೇ ಅಳಿಯ

ಕೋರ್ಟಿನಲ್ಲಿ ಆಗದ್ದನ್ನು ಕಂಪ್ಯೂಟರಿನಲ್ಲೇ ಮಾಡಿ ತೋರಿಸುತ್ತೇನೆ ಎಂದು ಕೂತೆ. ಅಳಿಯ ತಾಯಿಯ ಬರಿ ಮಾತ್ರ ನೋಡುತ್ತಾನೆ, ನಾನು ಎರಡೂ ಕಡೆ ನೋಡುವುದು. ಹುಡುಗನ ಅಪ್ಪ, ಅಮ್ಮ, ಹುಡುಗಿಯ ಅಪ್ಪ, ಅಮ್ಮ, ನಾಲ್ವರಲ್ಲಿ ಹುಡುಗನ ಕಡೆಯ ಯಾರದ್ದೇ ಬರಿ ಹುಡುಗಿಯ ಕಡೆಯ ಯಾರಿಗೇ ತಾಗಿದರೂ ಮದುವೆ ಇಲ್ಲ. 'ಎರಡೂ ಕಡೆ ನೋಡುವ ಏಕೈಕ ಕಂಪ್ಯೂಟರ್' ಎಂದು ಬೋರ್ಡಿಗೆ ಇನ್ನೊಂದು ಸಾಲು ಸೇರಿಸಿದೆ. ಈ ಸಾಲನ್ನು ಅಳಿಯ ನಕಲು ಮಾಡಲಿ ನೋಡುವ ಎಂದು ಕಾದೆ. ಅವನು ಮಾಡಲಿಲ್ಲ. ಅಸೂಯೆ ಇರಬೇಕು ಎಂದುಕೊಂಡು ಸಂತೋಷಪಟ್ಟೆ.

ಆ ಹೊತ್ತಿಗೇ ಅಕ್ಕ ಬಂದಳು. "ನಿಮ್ಮ ಜಗಳ ನನಗೆ ಸಾಕಾಗಿ ಹೋಯ್ತು. ಅಳಿಯನನ್ನು ಅಳಿಯ ಮಾಡಿಕೋ, ಎಲ್ಲ ಮುಗಿಯಲಿ" ಎಂದಳು.

ನನಗೆ ಒಬ್ಬಳೇ ಮಗಳು. ಸೋದರಮಾವನ ಮಗಳನ್ನು ಮದುವೆಯಾಗುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಮಗಳನ್ನು ಕೇಳಿದೆ. ಅವಳು ತಲೆ ತಗ್ಗಿಸಿ, ಸರಿ ಎಂದಳು. ಆ ಸರಿ ಬಹಳ ಬೇಗ ಬಂತು. ಅವಳು ಟೈಪಿಂಗ್ ಕಲಿಯಲು ವಾರಕ್ಕೆ ಮೂರು ದಿನ ಉರ್ವಕ್ಕೆ ಹೋಗುತ್ತಿದ್ದಳು. ಬಲ್ಮಠದಲ್ಲೇ ಕಲಿಸುವವರಿರುವಾಗ ಉರ್ವಕ್ಕೆ ಯಾಕೆ ಎಂದು ನಾನು ಕೇಳಿರಲಿಲ್ಲ. ಅಳಿಯನ ಬಾಗಿಲಿನ ಚಪ್ಪಲಿಗಳನ್ನು ಅಷ್ಟು ನೋಡಿದ್ದೆ, ಅದರಲ್ಲಿ ಒಂದು ಜೊತೆ ನನ್ನ ಮನೆಯದ್ದು ಎಂದು ಗೊತ್ತಾಗಲಿಲ್ಲ.

ಮಾತು ಮುಗಿಸಲು ಎಲ್ಲರೂ ನನ್ನ ಸೆಂಟರಿನಲ್ಲಿ ಸೇರಿದರು. ಅಕ್ಕ, ಅಳಿಯ, ನನ್ನ ಹೆಂಡತಿ, ಮಗಳು, ದೊಡ್ಡಮಾವ, ಅವರ ಹೆಂಡತಿ. ಮೆಟ್ಟಿಲು ಹತ್ತಿಸಿ ದೊಡ್ಡಮಾವನನ್ನು ಕೂರಿಸುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಜಾತಕ ಯಾರ ಕಂಪ್ಯೂಟರಿನಲ್ಲಿ ನೋಡುವುದು ಎಂದು ಅಕ್ಕ ಕೇಳಿದಳು. ಅಳಿಯ, "ಮಾವನದ್ದರಲ್ಲೇ ಆಗ್ಲಿ" ಎಂದ. ಗೆದ್ದೆ ಎಂದು ನನಗೆ ಅನಿಸಿತು.

ವಿವರ ಹಾಕಿದೆ. ಪ್ರಿಂಟರು ಹೊಡೆಯಿತು. ಕಾಗದ ಹರಿದೆ, ಓದಿದೆ, ಮಡಚಿ ಜೇಬಿಗೆ ಹಾಕಲು ನೋಡಿದೆ.

"ನನಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲ," ಎಂದರು ದೊಡ್ಡಮಾವ. "ಗಟ್ಟಿಯಾಗಿ ಓದು."

ಓದಲೇಬೇಕಾಯಿತು. "ಒಂದೇ ಬರಿ. ಹುಡುಗ ಹುಡುಗಿ ಅಣ್ಣ ತಂಗಿ. ಮದುವೆ ಸಲ್ಲದು."

ಆಗ ನನಗೆ ತಲೆಗೆ ಹೋಯಿತು. ಅಳಿಯನ ತಾಯಿ ನನ್ನ ಅಕ್ಕ, ಅವಳ ಬರಿಯೇ ನನ್ನ ಬರಿ. ಹುಡುಗಿಯ ಅಪ್ಪ ನಾನು. ಅಪ್ಪನ ಕಡೆಯೂ ನೋಡಿದರೆ ಮಾವನ ಮಗಳು ಯಾರಿಗೂ ಆಗುವುದಿಲ್ಲ. ನಮ್ಮ ಊರಿನ ಅರ್ಧ ಮದುವೆಗಳನ್ನು ನನ್ನ ಕಂಪ್ಯೂಟರು ಒಂದೇ ಸಾಲಿನಲ್ಲಿ ರದ್ದು ಮಾಡಿತ್ತು.

ದೊಡ್ಡಮಾವ ಅರುವತ್ತು ವರ್ಷದ ಹಿಂದೆ ಮದುವೆಯಾದದ್ದು ಅವರ ಸೋದರಮಾವನ ಮಗಳನ್ನೇ. ಅವರು ಪಕ್ಕದಲ್ಲಿದ್ದ ಹೆಂಡತಿಯ ಕಡೆ ತಿರುಗಿ, "ಕೇಳಿದೆಯಾ? ನಾನು ನಿನಗೆ ಅಣ್ಣ ಆಗಬೇಕಂತೆ" ಎಂದರು.

ದೊಡ್ಡಮಾವನ ಹೆಂಡತಿ ಸೆರಗು ಸರಿಮಾಡಿಕೊಂಡು, "ಆಗಿದ್ದರೆ ಒಳ್ಳೆಯದಿತ್ತು. ಅಣ್ಣನಾದರೆ ವರ್ಷಕ್ಕೊಂದು ಸೀರೆಯಾದರೂ ತಂದುಕೊಡ್ತಿದ್ದಿರಿ" ಎಂದರು.

ಎಲ್ಲರೂ ನಕ್ಕರು, ಮಗಳೊಬ್ಬಳನ್ನು ಬಿಟ್ಟು. ಅವಳು ನನ್ನನ್ನೇ ನೋಡುತ್ತಿದ್ದಳು. ನನ್ನದು ಸರಿ ಎಂದರೆ ಅವಳ ಮದುವೆ ಇಲ್ಲ, ತಪ್ಪು ಎಂದರೆ ನನ್ನ ಬೋರ್ಡು ಇಲ್ಲ. ಅಳಿಯ ಮೆಲ್ಲನೆ, "ಮಾವ, ಒಂದು ಸಾಲು ತೆಗೆದರೆ ಸಾಕು" ಎಂದ.

"ನಿನ್ನದೇ ಸರಿ" ಎಂದು ಎದ್ದೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಆ ಎರಡು ಶಬ್ದ ಬಾಯಿಂದ ಹೊರಡಿಸಲು ಪಟ್ಟ ಪಾಡು ನನಗೇ ಗೊತ್ತು. ಅವನು ನನ್ನ ಕುರ್ಚಿಯಲ್ಲಿ ಕೂತ. ಸಾಲು ಹೋಯಿತು, ಪ್ರಿಂಟರು ಇನ್ನೊಮ್ಮೆ ಹೊಡೆಯಿತು, ಮೂವತ್ತು ಗುಣ ಕೂಡಿತು. ದೊಡ್ಡಮಾವ ಇನ್ನು ನೋಟೀಸು ಗೀಟೀಸು ಬೇಡ ಎಂದರು.

ಮಗಳು ಅವನ ಕುರ್ಚಿಯ ಹಿಂದೆ ಹೋಗಿ ನಿಂತು, ಬಗ್ಗಿ ಪರದೆಯನ್ನು ನೋಡುತ್ತ, "ಇಷ್ಟು ಬೇಗ ಹೇಗೆ ತಿದ್ದಿದಿರಿ?" ಎಂದು ಕೇಳಿದಳು. ಮೂರು ವರ್ಷ ನಾನು ಅದೇ ಕುರ್ಚಿಯಲ್ಲಿ ಕೂತಿದ್ದೆ, ಒಮ್ಮೆಯೂ ಅವಳು ಹೀಗೆ ಬಂದು ನಿಂತು ನನ್ನನ್ನು ಕೇಳಿದ್ದಿಲ್ಲ. ಅಲ್ಲಿಯವರೆಗಿನ ಹೊಟ್ಟೆಕಿಚ್ಚೆಲ್ಲ ಏನೂ ಅಲ್ಲ ಎಂದು ಆಗ ತಿಳಿಯಿತು.

ಮರುದಿನ ನೋಟೀಸು ಹಿಂದೆಗೆಯಲು ಹೋದಾಗ ವಕೀಲರಲ್ಲಿ ಮಗಳೂ ಅವನ ಪಾಲಾದದ್ದನ್ನು ಹೇಳಿ, ಏನಾದರೂ ಕ್ರಮ ಉಂಟಾ ಎಂದು ಕೇಳಿ ನೋಡಿದೆ. ಅವರು ಯೋಚಿಸಿ, "ನೋಟೀಸು ಕೊಡಬಹುದು," ಎಂದರು. "ಆದ್ರೆ ಈ ಸಲ ಮೂಲ ಪ್ರತಿ ನಿಮ್ಮದೇ ಅಂತ ಬರೆಯುವ ಮೊದಲು ಒಮ್ಮೆ ಮನೆಯಲ್ಲಿ ಹೆಂಡತಿಯನ್ನು ಕೇಳಿ. ಮಗಳ ಬರಿ ತಾಯಿಯದ್ದಲ್ವಾ, ಮೊದಲ ಸಾಲಿನಲ್ಲಿ ಅವರ ಹೆಸರು ಇರಬೇಕು."